ನೂರರ ಕಿಂಡಿ

ಜೂನ್ ೯, ೧೯೮೬

ಅಪ್ಪಾ,

ಮೊದಲು ಸ್ಕೋರು, ಆಮೇಲೆ ಕಥೆ. ನೀನು ಕಲಿಸಿದ ಕ್ರಮ ಬಿಡುವುದಿಲ್ಲ. ರೈಲು ತಡವಾಗಿದ್ದು ಎರಡು ಗಂಟೆ. ಸಾಮಾನು ಮೂರಕ್ಕೆ ಮೂರೂ ಇವೆ. ಅತ್ತಿದ್ದು ಒಂದು ಸಲ, ಅದೂ ಯಾರಿಗೂ ಕಾಣದ ಹಾಗೆ.

ಇನ್ನು ಕಥೆ. ಕೋಣೆ ಸಿಕ್ಕಿದೆ. ಕೆಳಗೆ ಟೈಲರ್ ಅಂಗಡಿ, ಮೇಲೆ ನಾನು. ಅವರ ಹೊಲಿಗೆ ಯಂತ್ರಗಳು ಓಡುವಾಗ ನನ್ನ ಮಂಚ ಸಣ್ಣಗೆ ನಡುಗುತ್ತದೆ. ಮೊದಲ ದಿನ ಇದೇನು ಗ್ರಹಚಾರ ಅನ್ನಿಸಿತ್ತು. ನಿನ್ನೆ ಭಾನುವಾರ, ಅಂಗಡಿ ಮುಚ್ಚಿತ್ತು, ಮಂಚ ನಡುಗಲಿಲ್ಲ. ಇಡೀ ದಿನ ಒಬ್ಬರ ಜೊತೆಯೂ ಮಾತಾಡದೆ ಕಳೆದೆ. ಸಂಜೆ ಕನ್ನಡಿಯ ಮುಂದೆ ನಿಂತು ಹಳೆಯ ಪಂದ್ಯವೊಂದರ ಐದು ಓವರು ಹೇಳಿಕೊಂಡೆ, ಗಂಟಲು ಕಟ್ಟಿಹೋಗದಿರಲಿ ಅಂತ.

ರೇಡಿಯೋ ಕೇಂದ್ರದಲ್ಲಿ ವೀಕ್ಷಕ ವಿವರಣೆ ಕೊಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು 'ದೊಡ್ಡವರು' ಎನ್ನುತ್ತಾರೆ. ಅವರ ಪಕ್ಕದಲ್ಲಿ ಕೂತು ಯಾರು ಎಷ್ಟು ಹೊಡೆದರು, ಎಷ್ಟನೇ ಓವರು ಎಂದು ಚೀಟಿ ಬರೆದುಕೊಡುವುದು ನನ್ನ ಕೆಲಸ. ನಿನ್ನ ಕೆಲಸವೇ ಅಪ್ಪಾ, ತಗಡಿನ ಬದಲು ಕಾಗದ. "ಕಾಮೆಂಟರಿ ಎಲ್ಲಿ ಕಲಿತೆ?" ಎಂದು ದೊಡ್ಡವರು ಕೇಳಿದರು. "ಸ್ಕೋರ್ ಬೋರ್ಡಿನ ಒಳಗೆ" ಎಂದೆ. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆಗ ಬಿಡಿಸಿ ಹೇಳಿದೆ: ನಮ್ಮಪ್ಪ ಬೋರ್ಡಿನ ಹಿಂದೆ ನಿಂತು ತಗಡಿನ ಅಂಕಿಗಳನ್ನು ಕೊಕ್ಕೆಗೆ ಹಾಕುತ್ತಾರೆ, ಅಂಕಿಗಳೆಲ್ಲ ಕೂತರೆ ಒಳಗೆ ಕತ್ತಲೆ, ತಂಡದ ಮೊತ್ತ ನೂರು ಮುಟ್ಟುವ ತನಕ ಮಾತ್ರ ನೂರರ ಜಾಗ ಖಾಲಿ ಇರುತ್ತದೆ, ಆ ಕಿಂಡಿಗೆ ಕಣ್ಣಿಟ್ಟು ನಾನು ಆಟ ಹೇಳುತ್ತಿದ್ದೆ, ಅಪ್ಪ ಆಟಕ್ಕೆ ಬೆನ್ನು ಹಾಕಿ ಅಂಕಿ ಹುಡುಕುತ್ತಿದ್ದರು ಎಂದು. "ಹಾಗಾದ್ರೆ ನಿಮ್ಮಪ್ಪ ಒಂದು ಮ್ಯಾಚೂ ನೋಡಿಲ್ವಾ?" ಎಂದರು. "ಇಲ್ಲ ಸಾರ್, ಎಲ್ಲಾ ಕೇಳಿದ್ದಾರೆ" ಎಂದೆ.

ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಮೈದಾನದ ಪಂದ್ಯವನ್ನು ಮೈಕಿನಲ್ಲಿ ಹೇಳುವ ದಿನವೇ ನಾನು ಊರಿಗೆ ಬರುವುದು. ಅಲ್ಲಿಯವರೆಗೆ ಬಾ ಎನ್ನಬೇಡ. ನೀನು ಬಾ ಅಂದರೆ ನಾನು ಬಂದುಬಿಡುತ್ತೇನೆ, ಬಂದರೆ ಮತ್ತೆ ಹೋಗುವುದಿಲ್ಲ.

ಕಿಂಡಿ

*

ಜೂನ್ ೨೧, ೧೯೮೬

ಕಿಂಡಿ,

ಸ್ಕೋರು: ಮಂಡಿ ನೋವು ಒಂದು, ಎಡಗಡೆದು. ಸೀದುಹೋದ ಪಾತ್ರೆ ಎರಡು. ನಿನ್ನ ಕಾಗದ ಎಷ್ಟು ಸಲ ಓದಿದೆ ಅಂತ ಹೇಳಲ್ಲ, ಜಂಬ ಬರತ್ತೆ ನಿಂಗೆ.

ನಾನು ಮಾತಾಡೋ ಹಾಗೇ ಬರೀತೀನಿ. ರೇಡಿಯೋದವಳಾದೆ ಅಂತ ತಪ್ಪು ಹುಡುಕೋಕೆ ಕೂರಬೇಡ.

ಅದೆಂಥಾ ಶಪಥ ಕಣೇ? ಯಾರಾದ್ರೂ ಕೇಳಿದ್ರಾ ನಿನ್ನ? ಹಠ ಮಾತ್ರ ನಿಮ್ಮಮ್ಮನದೇ, ಒಂದು ಚೂರೂ ಕಡಿಮೆ ಇಲ್ಲ. ಅವಳು ಹೋದಮೇಲೆ ನಿನ್ನ ಬಿಟ್ಟು ಬರೋಕೆ ಜಾಗ ಇಲ್ಲದೆ ಬೋರ್ಡಿನೊಳಗೆ ಸ್ಟೂಲ್ ಹಾಕಿ ಕೂರಿಸಿದೆ. ಎಂಟು ವರ್ಷ ಆಗ ನಿಂಗೆ. ಆ ಸ್ಟೂಲ್ ನಿನ್ನ ಇಲ್ಲಿಂದ ಅಷ್ಟು ದೂರ ಒಯ್ಯತ್ತೆ ಅಂತ ಗೊತ್ತಿದ್ರೆ ನೆಲದ ಮೇಲೆ ಕೂರಿಸ್ತಿದ್ದೆ.

ಸ್ಟೂಲ್ ಹಾಗೇ ಇದೆ. ಹೋದ ವಾರ ಯಾರೋ ಔಟಾದ್ರು, ಜನ ಕಿರುಚಿದ್ರು. ಹಳೇ ಅಭ್ಯಾಸ ನೋಡು, "ಏನಾಯ್ತೇ?" ಅಂತ ಕೇಳಿಬಿಟ್ಟೆ. ತಗಡು ಉತ್ತರ ಕೊಡತ್ತಾ? ನೀನಿದ್ದಾಗ ಕಣ್ಣಾರೆ ನೋಡಿದ್ದಾದ್ರೆ ತಗಡಿಗೆ ಎರಡು ಸಲ ಕುಟ್ಟೋಳು. ಕುಟ್ಟಿದ್ರೆ ನಾನು ಇನ್ನೊಂದು ಮಾತು ಕೇಳ್ತಿರಲಿಲ್ಲ, ಅಂಕಿ ಹಾಕಿಬಿಡ್ತಿದ್ದೆ. ಈಗ ಸ್ಕೋರರ್ ಚೀಟಿ ಬರೋವರೆಗೂ ಕಾಯಬೇಕು. ತಡ ಆಗತ್ತೆ. "ಒಳಗೆ ನಿದ್ದೆ ಮಾಡ್ತಿದೀಯೇನಯ್ಯಾ" ಅಂತ ಜನ ಕೂಗ್ತಾರೆ.

ಹೊಟ್ಟೆ ಕಟ್ಟಬೇಡ. ಬಾ ಅನ್ನಲ್ಲ. ಅನ್ನಬೇಡ ಅಂದ್ಯಲ್ಲ, ಅದಕ್ಕೆ.

ಅಪ್ಪ

*

ನವೆಂಬರ್ ೩೦, ೧೯೮೬

ಅಪ್ಪಾ,

ಸ್ಕೋರು: ಮೈಕಿನ ಮುಂದೆ ಎರಡು ನಿಮಿಷ!

ಸಂಜೆಯ ಕ್ರೀಡಾ ಫಲಿತಾಂಶ ಓದುವವರು ರಜೆ ಹಾಕಿದ್ದರು. ನಾನು ಓದಿದೆ. ಹತ್ತು ದಿನದ ಹಿಂದೆ, ಗುರುವಾರ, ಆರೂ ಇಪ್ಪತ್ತಕ್ಕೆ. ನಿನಗೆ ಮೊದಲೇ ತಿಳಿಸಲು ಆಗಲಿಲ್ಲ, ನನಗೇ ಹತ್ತು ನಿಮಿಷ ಮೊದಲು ಗೊತ್ತಾದದ್ದು. ಮೂರನೆಯ ದಿನ ಒಬ್ಬ ಕೇಳುಗರ ಪತ್ರ ಬಂತು. ಹೆಂಗಸು ಸ್ಕೋರು ಓದಿದರೆ ಅಂಗಡಿ ಸಾಮಾನಿನ ಪಟ್ಟಿ ಓದಿದ ಹಾಗಿರುತ್ತದಂತೆ. ಆ ಪತ್ರವನ್ನು ನನ್ನ ಬೀರುವಿನ ಬಾಗಿಲಿಗೆ ಅಂಟಿಸಿದ್ದೇನೆ. ದಿನಾ ಸೀರೆ ತೆಗೆಯುವಾಗ ಅವರಿಗೊಂದು ಬೈಗುಳ ಸಲ್ಲುತ್ತದೆ.

ದೊಡ್ಡವರು ಒಂದು ಪಾಠ ಹೇಳಿದರು. "ಲಕ್ಷ ಜನಕ್ಕೆ ಹೇಳ್ತಿದೀನಿ ಅನ್ಕೊಂಡ್ರೆ ಯಾರಿಗೂ ಕೇಳಿಸಲ್ಲ. ಒಬ್ಬರಿಗೆ ಹೇಳು." ನನಗೆ ಆ ಒಬ್ಬರನ್ನು ಹುಡುಕುವ ಕಷ್ಟವೇ ಇರಲಿಲ್ಲ. ಕೆಂಪು ದೀಪ ಹತ್ತಿದ ಕೂಡಲೇ ಆ ಬೋರ್ಡಿನ ಡಬ್ಬಿ, ಆ ಎಣ್ಣೆ ಹಾಕಿದ ಕೊಕ್ಕೆಗಳು, ನನಗೆ ಬೆನ್ನು ಹಾಕಿ ನಿಂತ ನೀನು. ಅಷ್ಟು ಕಂಡರೆ ಮಾತು ತಾನಾಗಿ ಬರುತ್ತದೆ. ಆ ಡಬ್ಬಿ ಅಲ್ಲಿರುವ ತನಕ ನನಗೆ ಮೈಕಿನ ಭಯವಿಲ್ಲ ಅಪ್ಪಾ.

ಮಧ್ಯಾಹ್ನದ ಊಟ ಮೆಟ್ಟಿಲ ತಿರುವಿನಲ್ಲಿ ಒಬ್ಬಳೇ ಮಾಡುತ್ತೇನೆ. ಊಟದ ಕೋಣೆಯಲ್ಲಿ ಎಲ್ಲರೂ ಗಂಡಸರು. ನಾನು ಹೋದರೆ ಅವರ ಹರಟೆ ನಿಂತುಹೋಗುತ್ತದೆ. ನನ್ನಿಂದ ಅವರ ಊಟವೇಕೆ ಸಪ್ಪೆಯಾಗಬೇಕು?

ಕಿಂಡಿ

*

ಮೇ ೨೫, ೧೯೮೭

ಅಪ್ಪಾ,

ಸ್ಕೋರು: ನಾನು ಬರೆದದ್ದು ನಾಲ್ಕು, ನಿನ್ನಿಂದ ಬಂದದ್ದು ಸೊನ್ನೆ. ಮಾರ್ಚ್‌ನಿಂದ ಒಂದು ಸಾಲೂ ಇಲ್ಲ. ಮಂಡಿಯೋ, ಮುನಿಸೋ? ಯಾವುದಾದರೂ ಸರಿ, ಒಂದು ಕಾರ್ಡು ಹಾಕು.

ಕಿಂಡಿ

*

ಜುಲೈ ೧೨, ೧೯೮೭

ಕಿಂಡಿ,

ಸ್ಕೋರು ಅಂಥದ್ದೇನೂ ಇಲ್ಲ. ಎಲ್ಲಾ ಇದ್ದ ಹಾಗೇ ಇದೆ.

ಮುನಿಸೂ ಇಲ್ಲ ಗಿನಿಸೂ ಇಲ್ಲ. ಕೆಲಸ ಜಾಸ್ತಿ ಇತ್ತು. ಬೋರ್ಡಿಗೆ ಹೊಸ ಬಣ್ಣ ಹೊಡೆಸಿದ್ರು. ಚೆನ್ನಾಗಿದೆ. ದೂರಕ್ಕೆ ಕಾಣತ್ತೆ. ನಿನ್ನ ಸ್ಟೂಲನ್ನ ಮನೆಗೆ ತಂದಿಟ್ಟಿದ್ದೀನಿ, ಅಲ್ಲಿ ಬಣ್ಣ ಮೆತ್ತಿಕೊಳ್ಳತ್ತೆ ಅಂತ.

ಮನೆಯಲ್ಲಿ ಹೊತ್ತು ಹೋಗೋದೇ ಕಷ್ಟ. ಅಂದ್ರೆ, ಮ್ಯಾಚಿರೋ ಭಾನುವಾರ ಬಿಟ್ಟು ಬೇರೆ ದಿನ. ನೀನೀಗ ಸಂಜೆ ಓದೋ ಫಲಿತಾಂಶ ತಪ್ಪದೆ ಕೇಳ್ತೀನಿ. ಉಸಿರು ಬಿಗಿ ಹಿಡಿದು ಓದ್ತೀಯ. ಓಡೋಕೆ ಹೇಳಿದ್ಯಾರು ನಿಂಗೆ?

ಅಪ್ಪ

*

ಸೆಪ್ಟೆಂಬರ್ ೨೦, ೧೯೮೭

ಅಪ್ಪಾ,

ಸ್ಕೋರು: ಇಡೀ ಪಂದ್ಯ ಒಂದು. ದೊಡ್ಡವರು ಅರ್ಧ, ನಾನು ಅರ್ಧ.

ಕೇಳಿದೆಯಾ? ಕೇಳಿರುತ್ತೀಯ. ಹನ್ನೊಂದನೇ ಓವರಿನಲ್ಲಿ ಎಡಗೈಯವನನ್ನು ಬಲಗೈಯವನೆಂದು ಹೇಳಿದ್ದು ನಿನಗೆ ಗೊತ್ತಾಗದೆ ಇರುವುದಿಲ್ಲ. ದೊಡ್ಡವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಮುಗಿದ ಮೇಲೆ "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವಂತೆ.

ಇನ್ನು ಮೇಲೆ ತಿಂಗಳಿಗೆ ಎರಡು ಮೂರು ಪಂದ್ಯ ಇರುತ್ತದೆ. ಊರಿಂದೂರಿಗೆ ಓಡಾಟ. ಹಾಗಾಗಿ ಪತ್ರ ತಡವಾದರೆ ಗಾಬರಿಯಾಗಬೇಡ. ಬೋರ್ಡು ಹೇಗಿದೆ? ಹೊಸ ಬಣ್ಣ ಯಾವುದು ಅಂತ ನೀನು ಬರೆಯಲೇ ಇಲ್ಲ.

ಕಿಂಡಿ

*

ಅಕ್ಟೋಬರ್ ೧೧, ೧೯೮೭

ಕಿಂಡಿ,

ಸ್ಕೋರು: ನಿನ್ನ ಮ್ಯಾಚು ಮೂರು ಕೇಳಿದೆ. ತಪ್ಪು ನಾಲ್ಕು. ಪಕ್ಕದ ಮನೆಯವರಿಗೆಲ್ಲ "ನಮ್ಮ ಹುಡುಗಿ" ಅಂತ ಹೇಳಿದ್ದು, ಅದು ಲೆಕ್ಕಕ್ಕಿಲ್ಲ.

ಹಸಿರು ಬಣ್ಣ.

ಚೆನ್ನಾಗಿ ಹೇಳ್ತೀಯ ಕಣೇ. ಸುಮ್ಮನೆ ಹೊಗಳೋನಲ್ಲ ನಾನು. ಒಂದೇ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಗಾಳಿ ವಿಷಯ ಹೇಳೋದೇ ಇಲ್ವಲ್ಲ? ಚಿಕ್ಕವಳಿದ್ದಾಗ ಬಾಯಿ ತೆಗೆದ್ರೆ ಮೊದಲು ಅದೇ ಹೇಳೋಳು, "ಅಪ್ಪಾ, ಗಾಳಿ ಮರದ ಕಡೆಯಿಂದ" ಅಂತ. ಈಗ ಮೂರು ಊರಲ್ಲೂ ಗಾಳಿ ಇರಲಿಲ್ವಾ?

ಆ ಊರುಗಳಲ್ಲಿ ಬೋರ್ಡು ಎಂಥದ್ದು, ಯಾರು ನಡೆಸ್ತಾರೆ, ಬರಿ. ಅವರನ್ನ ಮಾತಾಡಿಸು. ಅವರನ್ನ ಯಾರೂ ಮಾತಾಡಿಸಲ್ಲ.

ಅಪ್ಪ

*

ಫೆಬ್ರವರಿ ೨, ೧೯೮೮

ಅಪ್ಪಾ,

ಸ್ಕೋರು ಕೇಳು. ಫೆಬ್ರವರಿ ಹದಿನಾಲ್ಕು, ಭಾನುವಾರ, ನಮ್ಮ ಮೈದಾನದ ಪಂದ್ಯ, ಮೈಕಿನಲ್ಲಿ ನಾನು. ದೊಡ್ಡವರಿಗೆ ಅಂದು ಬೇರೆ ಕಡೆ ದೊಡ್ಡ ಪಂದ್ಯವಿದೆ. ಹಾಗಾಗಿ ನಾನೊಬ್ಬಳೇ, ಬೆಳಗಿನಿಂದ ಸಂಜೆಯವರೆಗೆ.

ಎಷ್ಟು ದಿನದಿಂದ ಕಾದಿದ್ದ ವಿಷಯ, ಬರೆಯಲು ಕೂತರೆ ಕೈ ಓಡುತ್ತಿಲ್ಲ. ಆವತ್ತು ತುಂಬ ಗಡಿಬಿಡಿ ಇರುತ್ತದೆ. ಬಿಡುವು ಸಿಗುತ್ತದೋ ಇಲ್ಲವೋ. ನೀನು ನನಗಾಗಿ ಕಾಯಬೇಡ, ಅಡುಗೆ ಗಿಡುಗೆ ಅಂತ ಮಾಡಿಕೊಂಡು ಕೂರಬೇಡ. ರೇಡಿಯೋ ಮಾತ್ರ ಕೇಳು. ನಿನ್ನ ಬಗ್ಗೆ ಖಂಡಿತ ಒಂದು ಮಾತು ಹೇಳುತ್ತೇನೆ.

ಕಿಂಡಿ

*

ಫೆಬ್ರವರಿ ೮, ೧೯೮೮

ಕಿಂಡಿ,

ಸ್ಕೋರು: ಇನ್ನು ಆರು ದಿನ.

ಬಿಡುವು ಸಿಗತ್ತೋ ಇಲ್ವೋ ಅಂತೆ! ಮೈದಾನದಿಂದ ಮನೆಗೆ ಎಷ್ಟು ದೂರ ಅಂತ ನಿಂಗೆ ಮರೆತುಹೋಯ್ತಾ? ಹೋಗಲಿ, ನೀನು ಮನೆಗೆ ಬರೋದು ಬೇಡ. ನಾನೇ ಅಲ್ಲಿರ್ತೀನಿ. ಬೋರ್ಡಿನ ಹಿಂದೆ. ಯಾವಾಗಲೂ ಇರೋ ಜಾಗದಲ್ಲೇ. ನೀನು ಮೇಲೆ ಕೂತು ಹೇಳು, ಆಟ ಮುಗಿದ ಮೇಲೆ ಇಳಿದು ಬಾ. ಒಂದು ಗಳಿಗೆ ಮುಖ ತೋರಿಸಿ ಹೋಗು, ಸಾಕು.

ಹಳೇ ಅಂಗಿ ಇಸ್ತ್ರಿಗೆ ಕೊಟ್ಟಿದ್ದೀನಿ. ನಗಬೇಡ.

ಅಪ್ಪ

*

ಫೆಬ್ರವರಿ ೧೫, ೧೯೮೮

ಕಿಂಡಿ,

ಸ್ಕೋರು: ನಾನು ನಿಂತಿದ್ದು ಏಳು ಗಂಟೆ. ನೀನು ಬಂದಿದ್ದು ಸೊನ್ನೆ.

ಸುಳ್ಳು ನಾನೂ ಹೇಳಿದ್ದೀನಿ. ಅದಕ್ಕೇ ಬಾಯಿ ತುಂಬ ಬೈಯೋಕೆ ಆಗ್ತಿಲ್ಲ. ಮೊದಲು ನಂದು ಹೇಳ್ತೀನಿ. ಬೋರ್ಡು ಇಲ್ಲ. ಹೋದ ವರ್ಷ ಏಪ್ರಿಲ್‌ನಲ್ಲೇ ಕಿತ್ತರು. ಎದುರು ತುದಿಯಲ್ಲಿ ಕರೆಂಟಿನ ಬೋರ್ಡು ಬಂದಿದೆ, ಒಬ್ಬ ಕುರ್ಚಿ ಮೇಲೆ ಕೂತು ಗುಂಡಿ ಒತ್ತುತ್ತಾನೆ, ಅಷ್ಟೇ. ಕ್ಲಬ್ಬಿನ ಸೆಕ್ರೆಟರಿ ಕೈ ಕುಲುಕಿ "ನೀವಿನ್ನು ಆರಾಮಾಗಿರಿ" ಅಂದ್ರು. ಅವತ್ತಿಂದ ಆರಾಮಾಗಿದ್ದೀನಿ. ಹಸಿರು ಬಣ್ಣ ಗಿಸಿರು ಬಣ್ಣ ಎಲ್ಲಾ ಕಟ್ಟಿದ್ದು. ಆ ಡಬ್ಬಿ ಇರೋ ತನಕ ಭಯ ಇಲ್ಲ ಅಂತ ನೀನು ಬರೆದಿದ್ಯಲ್ಲ. ಅದನ್ನ ನಾನು ಹೆಂಗೆ ಕೀಳಲಿ?

ಇನ್ನು ನಿಂದು. ನಿನ್ನೆ ಬೆಳಿಗ್ಗೆ ಒಂಬತ್ತೂವರೆಗೆ ಹೋದೆ. ಗೇಟಿನವನಿಗೆ "ಮಗಳು ಬಂದಿದ್ದಾಳೆ, ಮೇಲೆ ಕೂತು ಮಾತಾಡ್ತಾಳೆ" ಅಂದೆ. ಸಲಾಂ ಹೊಡೆದು ಒಳಗೆ ಬಿಟ್ಟ. ಕಾಮೆಂಟರಿ ಕೋಣೆಗೆ ಹತ್ತೋ ಮೆಟ್ಟಿಲ ಬುಡದಲ್ಲಿ ನಿಂತೆ. ಚಿಕ್ಕ ರೇಡಿಯೋ ಕಿವಿಗೆ ಇಟ್ಕೊಂಡೆ. ನಿನ್ನ ದನಿ ಬಂತು. ತಲೆ ಮೇಲೇ ಕೂತು ಮಾತಾಡ್ತಿದೀಯ ಅಂತ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ, ಹೋಗೋ ಬರೋರಿಗೆಲ್ಲ ಮೇಲೆ ತೋರಿಸ್ತಿದ್ದೆ.

ಹನ್ನೊಂದು ಗಂಟೆ ಹೊತ್ತಿಗೆ ನೀನು ಹೇಳಿದೆ: "ನನ್ನ ಎದುರಿಗೆ ಹಳೆಯ ತಗಡಿನ ಬೋರ್ಡು. ಅದರ ಹಿಂದೆ ಮೂವತ್ತು ವರ್ಷಗಳಿಂದ ಅಂಕಿ ಹಾಕುತ್ತಿರುವ ಒಬ್ಬ ಮನುಷ್ಯ. ಇಗೋ, ಈಗ ತಾನೇ ಅವರ ಕೈ ಕಾಣಿಸಿತು."

ನನ್ನ ಕೈ ನನ್ನ ಜೇಬಲ್ಲಿತ್ತು ಕಣೇ.

ಎದುರಿಗೆ ನೋಡಿದೆ. ಕಂಬ ಕಿತ್ತ ನಾಲ್ಕು ಗುಂಡಿ, ಅಷ್ಟೇ. ಆಮೇಲೆ ಇಬ್ಬರು ಗಂಡಸರು ಮೆಟ್ಟಿಲಿಳಿದು ಬಂದ್ರು. "ರೇಡಿಯೋ ಹುಡುಗಿ ಮೇಲಿದ್ದಾಳಾ?" ಅಂದೆ. "ಮೇಲೆ ಹೆಂಗಸರು ಯಾರೂ ಇಲ್ಲ ಯಜಮಾನ್ರೇ" ಅಂದ್ರು.

ಆದ್ರೂ ಸಂಜೆವರೆಗೆ ನಿಂತೆ. ಯಾಕೆ ಅಂತ ಕೇಳಬೇಡ.

ಅಪ್ಪ

*

ಫೆಬ್ರವರಿ ೨೩, ೧೯೮೮

ಅಪ್ಪಾ,

ಸ್ಕೋರು: ಈ ಒಂದೂಮುಕ್ಕಾಲು ವರ್ಷದಲ್ಲಿ ನಾನು ಕಾಲಿಟ್ಟ ಮೈದಾನಗಳು, ಸೊನ್ನೆ.

ಕೇಂದ್ರದಲ್ಲಿ ಒಂದು ಕೋಣೆಯಿದೆ. ಕಿಟಕಿಯಿಲ್ಲ. ಒಂದು ಮೇಜು, ಒಂದು ಟೀವಿ, ಒಂದು ಮೈಕು. ಮೈದಾನಕ್ಕೆ ಹೋಗುವುದು ದೊಡ್ಡವರಂಥ ಒಬ್ಬಿಬ್ಬರು, ಅದೂ ದೊಡ್ಡ ಪಂದ್ಯಕ್ಕೆ ಮಾತ್ರ. ಉಳಿದವರು ಆ ಕೋಣೆಯಲ್ಲಿ ಟೀವಿ ನೋಡಿಕೊಂಡು ಹೇಳುತ್ತೇವೆ. ಜನರ ಗದ್ದಲವೂ ಟೀವಿಯದೇ. ಎಲ್ಲಿಂದ ಮಾತಾಡುತ್ತಿದ್ದೇವೆಂದು ಹೇಳದಿದ್ದರೆ ಕೇಳುವವರು ಅಲ್ಲೇ ಇದ್ದಾರೆಂದುಕೊಳ್ಳುತ್ತಾರೆ. ಟೀವಿಯಲ್ಲಿ ಗಾಳಿ ಕಾಣುವುದಿಲ್ಲ ಅಪ್ಪಾ. ನೀನು ಗಾಳಿಯ ಮಾತು ಕೇಳಿದಾಗಲೇ ನಾನು ಸಿಕ್ಕಿಬಿದ್ದೆ ಅನ್ನಿಸಿತ್ತು. ಆದರೂ ಊರಿಂದೂರಿಗೆ ಓಡಾಡುತ್ತೇನೆಂದು ಬರೆದುಬಿಟ್ಟಿದ್ದೆ, ಅದನ್ನು ನುಂಗಲಾಗಲಿಲ್ಲ.

ಆ ಭಾನುವಾರ ಟೀವಿಯವರ ಕ್ಯಾಮೆರಾ ಬೋರ್ಡಿನ ಕಡೆ ತಿರುಗಲೇ ಇಲ್ಲ. ತಿರುಗಬೇಕಾಗಿಯೂ ಇರಲಿಲ್ಲ, ಅಲ್ಲಿ ನೀನಿದ್ದೀಯೆಂದು ನೀನೇ ಬರೆದಿದ್ದೆ. ನನಗೆ ಆ ಕಿಂಡಿ, ಆ ಕೈ ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಹೇಳಿಬಿಟ್ಟೆ. ಹದಿನೇಳು ದೂರು ಬಂದಿವೆ. ಒಬ್ಬರು ಬರೆದಿದ್ದಾರೆ: ಇಲ್ಲದ ಬೋರ್ಡಿನ ಹಿಂದೆ ಇಲ್ಲದ ಮನುಷ್ಯನನ್ನು ಕಂಡ ಈ ಹೆಣ್ಣುಮಗಳು ನಿಜಕ್ಕೂ ಮೈದಾನದಲ್ಲಿದ್ದರೇ? ಮೇಲಧಿಕಾರಿಗಳು ಕರೆದು ಮೈಕು ಕಿತ್ತುಕೊಂಡರು. ಮತ್ತೆ ಚೀಟಿ ಬರೆಯುತ್ತಿದ್ದೇನೆ. "ಪರದೆ ಮೇಲೆ ಕಾಣದ್ದನ್ನ ಹೇಳಬೇಡ ಅನ್ನೋದು ಒಂದೇ ನಿಯಮ ಇತ್ತು ಕಣಮ್ಮ" ಅಂದರು ದೊಡ್ಡವರು. ಬೈದಿದ್ದರೆ ಚೆನ್ನಾಗಿತ್ತು.

ಅದೆಲ್ಲ ಹಾಳಾಗಿ ಹೋಗಲಿ. ಏಳು ಗಂಟೆ ನಿಂತೆ ಅಂದೆಯಲ್ಲ, ಆ ಮೆಟ್ಟಿಲ ಹತ್ತಿರ ಕೂರಲು ಏನಾದರೂ ಇತ್ತೇ? ಮಧ್ಯಾಹ್ನ ಏನು ತಿಂದೆ? ಇಸ್ತ್ರಿ ಅಂಗಿ ಹಾಕಿಕೊಂಡು ನೀನು ಮೇಲೆ ಕೈ ತೋರಿಸುತ್ತಿದ್ದದ್ದೇ ಕಣ್ಣ ಮುಂದೆ ಬರುತ್ತದೆ. ನಾನು ನೋಡದೆ ಇದ್ದದ್ದನ್ನು ನೀನು ಕೇಳಿ ನಂಬಿದೆ. ಈಗ ಊರಿಗೆ ಬರಲು ನನಗೆ ಮುಖವಿಲ್ಲ.

ಕಿಂಡಿ

*

ಮಾರ್ಚ್ ೬, ೧೯೮೮

ಕಿಂಡಿ,

ಸ್ಕೋರು: ಒಂದಕ್ಕೆ ಒಂದು. ನಿಂದೊಂದು ಸುಳ್ಳು, ನಂದೊಂದು. ಡ್ರಾ.

ಮೆಟ್ಟಿಲ ಮೇಲೇ ಕೂತಿದ್ದೆ ನಡುನಡುವೆ. ಗೇಟಿನವನು ಟೀ ತಂದುಕೊಟ್ಟ. ಸಾಕಾ?

ಈಗ ನಾನು ಹೇಳೋದು ಕೇಳು. ಚಿಕ್ಕವಳಿದ್ದಾಗ ನೂರು ಆದಮೇಲೆ ಆ ಕಿಂಡಿ ಮುಚ್ಚಿಹೋಗ್ತಿತ್ತಲ್ಲ? ನಿಂಗೆ ಆಟ ಕಾಣ್ತಿರಲಿಲ್ಲ. ಆದ್ರೂ ನೀನು ಬಾಯಿ ಮುಚ್ಚಿದವಳಲ್ಲ. ಜನರ ಕೂಗು ಕೇಳಿ, "ಅಪ್ಪಾ, ನಾಲ್ಕು ಹೊಡೆದ, ಬೇಲಿ ಹತ್ತಿರ ಬಿದ್ದು ಎದ್ದ, ಟೋಪಿ ಹಾರಿಹೋಯ್ತು" ಅಂತ ಕಟ್ಟಿ ಹೇಳೋಳು. ನನಗೆ ಗೊತ್ತಿರಲಿಲ್ಲ ಅನ್ಕೊಂಡಿದ್ದೆಯಾ? ಎಲ್ಲಾ ಗೊತ್ತಿತ್ತು. ಯಾಕಂದ್ರೆ ಆಗ ನೀನು ಕುಟ್ಟುತ್ತಿರಲಿಲ್ಲ. ಎಂಟು ವರ್ಷದ ಮಗುಗೆ ಅಷ್ಟು ನಿಯತ್ತಿತ್ತು. ನೋಡದೆ ಕುಟ್ಟಿದ್ದು ಒಂದು ಸಲವೂ ಇಲ್ಲ. ಕುಟ್ಟದೆ ಹೇಳಿದ್ದನ್ನ ನಾನು ಸುಳ್ಳು ಅಂತ ಯಾವತ್ತೂ ಅನ್ಕೊಳ್ಳಲಿಲ್ಲ. ಕತ್ತಲಲ್ಲಿ ಒಬ್ಬನೇ ನಿಂತಿರೋ ಅಪ್ಪನಿಗೆ ಬೇಜಾರಾಗಬಾರದು ಅಂತ ಹೇಳ್ತಿದೀಯ ಅನ್ಕೊಳ್ತಿದ್ದೆ. ಎಷ್ಟೋ ಸಲ ನಿನಗೋಸ್ಕರ ನೂರರ ಅಂಕಿ ಒಂದು ಓವರು ತಡವಾಗಿ ಹಾಕಿ ಬೈಸಿಕೊಂಡಿದ್ದೀನಿ, ಅದು ನಿಂಗೆ ಗೊತ್ತಿಲ್ಲ.

ಬೋರ್ಡು ಕಿತ್ತ ದಿನ ಗುಜರಿಯವನು ಅಂಕಿಗಳನ್ನ ಗಾಡಿಗೆ ತುಂಬ್ತಿದ್ದ. ಒಂದು ಸೆಟ್ ನಾನು ಎತ್ತಿಟ್ಟುಕೊಂಡೆ. ಈಗ ಮನೆ ಗೋಡೆಗೆ ಮೊಳೆ ಹೊಡೆದಿದ್ದೀನಿ. ನಿನ್ನ ಮ್ಯಾಚು ಇದ್ದ ದಿನ ರೇಡಿಯೋಗೆ ಬೆನ್ನು ಹಾಕಿ ನಿಲ್ತೀನಿ. ನೀನು ಹೇಳ್ತೀಯ, ನಾನು ಹಾಕ್ತೀನಿ. ಪಕ್ಕದ ಮನೆಯವರು ನನಗೆ ತಲೆ ಕೆಟ್ಟಿದೆ ಅನ್ಕೊಂಡಿದ್ದಾರೆ. ಅನ್ಕೊಳ್ಳಲಿ.

ಮೈಕು ಮತ್ತೆ ಕೊಟ್ಟೇ ಕೊಡ್ತಾರೆ. ಕೊಟ್ಟ ದಿನ, ಕಣ್ಣಾರೆ ನೋಡಿ ಹೇಳ್ತಿದ್ರೆ, ಮೇಜಿಗೆ ಎರಡು ಸಲ ಕುಟ್ಟು. ಬೇರೆಯವರಿಗೆ ಅದು ಏನೋ ಸದ್ದು. ನನಗೆ ಗೊತ್ತಾಗತ್ತೆ, ನೀನು ಬಯಲಲ್ಲಿದ್ದೀಯ ಅಂತ. ಕುಟ್ಟದಿದ್ರೆ ರೂಮಲ್ಲಿ ಒಬ್ಬಳೇ ಇದ್ದೀಯ ಅಂತ ತಿಳ್ಕೊಂಡು ಕೇಳ್ತೀನಿ.

ಮುಖ ಇಲ್ಲ ಅಂತೆ. ನಾನು ಹೊತ್ತು ತಿರುಗಿದ ಮುಖ ಅದು.

ಅಪ್ಪ

*

ನವೆಂಬರ್ ೧೩, ೧೯೮೮

ಅಪ್ಪಾ,

ಸ್ಕೋರು: ಮೈಕು ವಾಪಸ್ಸು ಬಂದು ಆರು ವಾರ. ಪಂದ್ಯಗಳು ಐದು, ಎಲ್ಲ ಕೋಣೆಯಿಂದ. ಕುಟ್ಟಿಲ್ಲ, ನಿನಗೆ ಗೊತ್ತು.

ನಿನ್ನೆಯದು ಆರನೆಯದು. ಹುಡುಗಿಯರ ಲೀಗ್ ಪಂದ್ಯ, ನಗರದ ಅಂಚಿನ ಮೈದಾನ. ಯಾರಿಗೂ ಬೇಡವಾಗಿತ್ತು, ನಾನು ಹೋಗುತ್ತೇನೆಂದೆ. ನೋಡಲು ಬಂದವರು ಹನ್ನೊಂದು ಜನ, ಒಂದು ನಾಯಿ. ಮೇಜು ಅಲುಗಾಡುತ್ತಿತ್ತು. ಗಾಳಿಗೆ ನನ್ನ ಚೀಟಿಗಳೆಲ್ಲ ಹಾರಿ ಹೋದವು. ಅವುಗಳ ಹಿಂದೆ ಓಡುತ್ತ ನನಗೆ ನಗು ತಡೆಯಲಾಗಲಿಲ್ಲ. ಮೈಕು ಹಿಡಿದು ಮೊದಲು ಹೇಳಿದ್ದು ಗಾಳಿಯ ಮಾತು. ಅದಕ್ಕೂ ಮೊದಲು ಮಾಡಿದ ಕೆಲಸ ನಿನಗೆ ಕೇಳಿಸಿತೇ?

ಕಿಂಡಿ

*

ನವೆಂಬರ್ ೨೦, ೧೯೮೮

ಕಿಂಡಿ,

ಸ್ಕೋರು: ಎರಡು. ಟಕ್ ಟಕ್. ಸ್ಪಷ್ಟವಾಗಿ.

ಕೈಯಲ್ಲಿದ್ದ ಅಂಕಿ ಬಿಟ್ಟುಹೋಯ್ತು, ಕಾಲ ಮೇಲೆ ಬಿತ್ತು. ಹೆಬ್ಬೆರಳು ಊದಿದೆ. ಪರವಾಗಿಲ್ಲ.

ಇವತ್ತು ಕುಟ್ಟಲಿಲ್ಲ ನೀನು. ಒಬ್ಬಳೇ ಇದ್ದೆ ಅಂತ ಗೊತ್ತಾಯ್ತು. ಊಟ ಮಾಡಿದ್ಯಾ? ಆ ಮೆಟ್ಟಿಲ ತಿರುವಲ್ಲೇ ಮಾಡ್ತೀಯಾ ಇನ್ನೂ?

ಅಪ್ಪ

*

ಜನವರಿ ೧೦, ೧೯೮೯

ಅಪ್ಪಾ,

ಸ್ಕೋರು: ಕೇಳಿದ್ದು ಒಂದು ಸಲ, ಇಲ್ಲ ಎನ್ನಿಸಿಕೊಂಡದ್ದು ಒಂದು ಸಲ.

ಇಪ್ಪತ್ತೆರಡನೇ ತಾರೀಕು ನಮ್ಮ ಮೈದಾನದಲ್ಲಿ ಪಂದ್ಯ. ಈ ಸಲ ಕೇಂದ್ರದಿಂದ ಅಲ್ಲಿಗೇ ಹೋಗುತ್ತಾರೆ, ಆದರೆ ಹೋಗುವವರು ದೊಡ್ಡವರು. ನನ್ನನ್ನು ಕಳಿಸಿ ಎಂದು ಕೇಳಿದೆ. ಹೋದ ವರ್ಷದ್ದನ್ನು ಯಾರೂ ಮರೆತಿಲ್ಲ. ಆ ದಿನ ನಾನು ಇಲ್ಲೇ ಇರುತ್ತೇನೆ. ನೀನು ಮನೆಯಲ್ಲೇ ಇರು ಅಪ್ಪಾ. ದಯವಿಟ್ಟು ಆ ಮೆಟ್ಟಿಲ ಹತ್ತಿರ ನಿಲ್ಲಬೇಡ.

ಎರಡೂವರೆ ವರ್ಷವಾಯಿತು. ಆ ಶಪಥ ಯಾಕೆ ಮಾಡಿದೆನೋ ಎಂದು ದಿನಾ ಬೈದುಕೊಳ್ಳುತ್ತೇನೆ. ಮುರಿಯಲು ಧೈರ್ಯವಿಲ್ಲ. ಮುರಿದು ಬಂದರೆ ಸೋತು ಬಂದ ಹಾಗಾಗುತ್ತದೆ. ನಿನ್ನ ಮುಂದೆ ಸೋಲಲು ನನಗೆ ನಾಚಿಕೆಯಿಲ್ಲ, ಆದರೆ ಸೋತವಳನ್ನು ನೋಡಿ ನೀನು ಏನೂ ಆಗದವನ ಹಾಗೆ ನಟಿಸುತ್ತೀಯಲ್ಲ, ಅದನ್ನು ನೋಡಲಾರೆ.

ಕಿಂಡಿ

*

ಜನವರಿ ೨೨, ೧೯೮೯
(ಕೈಚೀಟಿ. ಗೇಟಿನವನ ಕೈಲಿ ಮೇಲಕ್ಕೆ.)

ಕಿಂಡಿ,

ಸ್ಕೋರು ಆಮೇಲೆ. ಇದೊಂದು ಸಲ ಕಥೆ ಮೊದಲು.

ಬೆಳಿಗ್ಗೆ ಗೋಡೆ ಮುಂದೆ ನಿಂತಿದ್ದೆ, ದೊಡ್ಡವರ ದನಿ ಬರತ್ತೆ ಅಂತ. ಟಕ್ ಟಕ್ ಅಂತು. ಆಮೇಲೆ ನಿನ್ನ ದನಿ, "ಗಾಳಿ ಮರದ ಕಡೆಯಿಂದ ಬೀಸುತ್ತಿದೆ" ಅಂತ. ನಮ್ಮ ಮರ ಕಣೇ ಅದು! ಆದ್ರೂ ಮೂರು ಓವರು ನಿಂತೇ ಅಂಕಿ ಹಾಕಿದೆ. ಹದಿಮೂರರ ಅಂಕಿ ಗೋಡೆ ಮೇಲೆ ಬಿಟ್ಟು ಹಾಗೇ ಬಂದೆ. ಬಾಗಿಲು ಹಾಕಿದ್ದೀನೋ ಇಲ್ವೋ ಗೊತ್ತಿಲ್ಲ. ಚಪ್ಪಲಿ ಒಂದು ನಂದು, ಒಂದು ಪಕ್ಕದ ಮನೆಯವರದು. ಗೇಟಿನವನು ಹೇಳಿದ, ದೊಡ್ಡವರಿಗೆ ಗಂಟಲು ಕಟ್ಟಿತಂತೆ, ರಾತ್ರಿ ರೈಲಿಗೆ ನಿನ್ನ ಹತ್ತಿಸಿದ್ರಂತೆ. ಕಾಗದ ಹಾಕೋಕೂ ಹೊತ್ತಿರಲಿಲ್ಲ ಅಂತ ಗೊತ್ತು.

ಬೋರ್ಡು ಇದ್ದ ಜಾಗದಲ್ಲಿ ಈಗ ಬೆಂಚು ಹಾಕಿದ್ದಾರೆ. ಅಲ್ಲಿ ಕೂತಿದ್ದೀನಿ. ಮೂವತ್ತು ವರ್ಷ ಆ ಜಾಗದಲ್ಲಿ ನಿಂತವನು ಇವತ್ತೇ ಮೊದಲು ಆಟಕ್ಕೆ ಮುಖ ಮಾಡಿ ಕೂತಿರೋದು. ಎಲ್ಲಾ ಕಾಣ್ತಿದೆ. ಒಂದೂ ಅರ್ಥ ಆಗ್ತಿಲ್ಲ. ಯಾರು ಯಾಕೆ ಓಡ್ತಿದಾರೆ ಅಂತ ತಿಳಿಯೋದೇ ಇಲ್ಲ. ಚಿಕ್ಕ ರೇಡಿಯೋ ಕಿವಿಗೆ ಇಟ್ಕೊಂಡು ಕಣ್ಣು ಮುಚ್ಚಿದೆ. ಆಗ ಎಲ್ಲಾ ಸರಿಹೋಯ್ತು.

ಇಲ್ಲಿಂದ ನಿನ್ನ ಕಿಟಕಿ ಕಾಣತ್ತೆ. ಇಳಿದು ಬರಬೇಡ, ಆಟ ಬಿಟ್ಟು ಏಳಬೇಡ. ನೀನು ಹೇಳ್ತಾ ಇರು. ಮುಗಿದ ಮೇಲೆ ಮೆಟ್ಟಿಲ ಬುಡಕ್ಕೆ ಬಂದು ನಿಲ್ತೀನಿ, ಹೋದ ವರ್ಷ ನಿಂತ ಜಾಗದಲ್ಲೇ.

ಅಪ್ಪ